ಕುರಿ ಸಾಕಲು ಸಬ್ಸಿಡಿ ಇದೆ, ಕತ್ತಿ ಹಿಡಿಯಲು ಕಲಿಸೋರು ಯಾರು?

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಹೋದರೆ ಸಕ್ರೆಬೈಲು. ಭಾನುವಾರ ಬೆಳಗ್ಗೆ ಅಲ್ಲಿ ಗಾಜನೂರು ಡ್ಯಾಮಿನ ಹಿನ್ನೀರಲ್ಲಿ ಆನೆಗಳ ಸ್ನಾನ ನೋಡೋಕೆ ಜನ ಸೇರಿರುತ್ತಾರೆ. ಆನೆಯ ಮೈ ಉಜ್ಜುವ ಮಾವುತರು, ಕಾವಾಡಿಗಳು ಈ ಕಸುಬನ್ನು ಕಾಲೇಜಿನಲ್ಲಿ ಕಲಿತವರಲ್ಲ. ಹಿರಿಯರ ಜೊತೆ ನಿಂತು, ನೋಡಿ, ಮಾಡಿ ಕಲಿತವರು. ಆದರೂ ಅರಣ್ಯ ಇಲಾಖೆ ಅದನ್ನೊಂದು ಕೌಶಲ ಅಂತ ಒಪ್ಪಿಕೊಂಡಿದೆ. ಅದಕ್ಕೊಂದು ಕ್ಯಾಂಪ್ ಇದೆ, ಸಂಬಳ ಇದೆ, ಪಶುವೈದ್ಯರ ಸಹಾಯ ಇದೆ.

ಅದೇ ಭಾನುವಾರ, ಅದೇ ಜಿಲ್ಲೆಯಲ್ಲಿ, ಇನ್ನೊಂದು ಕಸುಬು ಬೆಳಗಿನ ಜಾವದಿಂದಲೇ ಬಿಡುವಿಲ್ಲದೆ ನಡೀತಿರುತ್ತೆ. ಮಟನ್ ಅಂಗಡಿ, ಚಿಕನ್ ಅಂಗಡಿ. ಅದೂ ನೋಡಿ, ಮಾಡಿ ಕಲಿತದ್ದೇ. ಆದರೆ ಅದಕ್ಕೆ ತರಬೇತಿ ಕೊಡೋರಿಲ್ಲ, ಸರ್ಟಿಫಿಕೇಟ್ ಇಲ್ಲ, ಬಹುತೇಕ ಕಡೆ ಸರಿಯಾದ ಜಾಗವೂ ಇಲ್ಲ. ನಾವು ಮಾತ್ರ ಕ್ಯೂನಲ್ಲಿ ನಿಂತು, ‘ಅಣ್ಣಾ, ಸ್ವಲ್ಪ ಚಿಕ್ಕ ಪೀಸ್ ಮಾಡಿ’ ಅಂದು, ಮೊಬೈಲ್ ನೋಡ್ತಾ ಇರ್ತೀವಿ.

ಈ ಕಸುಬಿಗೆ ಸರ್ಕಾರ ಯಾಕೆ ನೆರವು ಕೊಡಬೇಕು, ಅದರಿಂದ ಯಾರಿಗೇನು ಲಾಭ ಅನ್ನೋದು ಈ ಬರಹದ ವಿಷಯ. ಇಲ್ಲಿ ಮಾತಾಡ್ತಿರೋದು ಕುರಿ, ಆಡು, ಕೋಳಿ, ಹಂದಿಯ ಬಗ್ಗೆ ಮಾತ್ರ. ಗೋಹತ್ಯೆ ವಿಷಯಕ್ಕೆ ರಾಜ್ಯದಲ್ಲಿ 2020ರ ಕಾಯ್ದೆ ಪ್ರತ್ಯೇಕವಾಗಿಯೇ ಇದೆ.

ದುಡ್ಡು ಎಲ್ಲಿಗೆ ಹೋಗ್ತಿದೆ?

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಾವೇ. ಇಷ್ಟು ಸಾಕೋರಿಗೆ ಸರ್ಕಾರದ ಬೆಂಬಲ ಕಡಿಮೆಯೇನಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಪರಿಷ್ಕರಣೆಯಾದ ಮೇಲೆ ಶೇ. 50ರಷ್ಟು ಸಬ್ಸಿಡಿ ಕೊಡುತ್ತೆ. ಕುರಿ–ಮೇಕೆ ಘಟಕಕ್ಕೆ ಗರಿಷ್ಠ 50 ಲಕ್ಷ, ಹಂದಿಗೆ 30 ಲಕ್ಷ, ನಾಟಿ ಕೋಳಿ ಘಟಕಕ್ಕೆ 25 ಲಕ್ಷ ರೂಪಾಯಿವರೆಗೆ.

ಇನ್ನೊಂದು ತುದಿಯಲ್ಲಿ ದೊಡ್ಡ ಕಾರ್ಖಾನೆಗಳಿಗೂ ವ್ಯವಸ್ಥೆ ಇದೆ. 2020ರಲ್ಲಿ ಕೇಂದ್ರ ಸರ್ಕಾರ 15,000 ಕೋಟಿ ರೂಪಾಯಿಯ ಪಶುಸಂಗೋಪನಾ ಮೂಲಸೌಕರ್ಯ ನಿಧಿ ಮಾಡಿತು. ಮಾಂಸ ಸಂಸ್ಕರಣೆಗೆ ಸಾಲ ತೆಗೆದರೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಕೋಟಿ ಲೆಕ್ಕದಲ್ಲಿ ಹೂಡಿಕೆ ಮಾಡೋರಿಗೆ ಇದು ಸರಿ.

ಅಂದರೆ, ಪ್ರಾಣಿ ಕೊಟ್ಟಿಗೆಯಲ್ಲಿ ಇರೋವರೆಗೆ ದುಡ್ಡಿದೆ. ಕಾರ್ಖಾನೆ ಗೇಟಿನಿಂದ ಆಚೆಗೂ ದುಡ್ಡಿದೆ. ನಡುವೆ ದಿನಕ್ಕೆ ಐದಾರು ಮರಿ ಕಡಿಯುವ ಅಂಗಡಿಯವರು ಇದ್ದಾರಲ್ಲ, ನಮ್ಮ ಊರಿಗೆ ನಿಜವಾಗಿ ಮಾಂಸ ಕೊಡೋದು ಅವರು. ಅವರ ಕೈಗೆ ಬರೋದು ನೋಟಿಸ್ ಮಾತ್ರ.

ಪೂರ್ತಿ ಬಾಗಿಲು ಮುಚ್ಚಿದೆ ಅಂತಲ್ಲ. 2020ರ ಜೂನ್‌ನಲ್ಲಿ ಶುರುವಾದ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ, ಮಾಂಸಕ್ಕೂ ಅನ್ವಯಿಸುತ್ತೆ. ಕೇಂದ್ರದ್ದು ಶೇ. 35 ಸಹಾಯಧನ. ಕರ್ನಾಟಕ ಅದಕ್ಕೆ ಶೇ. 15 ಸೇರಿಸಿ ಒಟ್ಟು ಶೇ. 50, ಗರಿಷ್ಠ 15 ಲಕ್ಷ ಮಾಡಿದೆ. ನೋಡಿಕೊಳ್ಳೋದು ಕೆಪೆಕ್. ಆದರೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಶಿವಮೊಗ್ಗಕ್ಕೆ ಸಿಕ್ಕಿರೋದು ಅನಾನಸ್. ಹಾಗಾಗಿ ಯೋಜನೆ ಅಂದ ಕೂಡಲೇ ಜ್ಯಾಮ್, ಹಪ್ಪಳ, ರೊಟ್ಟಿ, ಉಪ್ಪಿನಕಾಯಿ ನೆನಪಾಗುತ್ತೆ. ಮಟನ್ ಅಂಗಡಿಯವರು ‘ಇದು ನಮಗಲ್ಲ’ ಅಂದುಕೊಳ್ಳೋದು ಸಹಜ.

ಕಾನೂನಿನ ಸಂದಿ

ಸಂವಿಧಾನದ ಹನ್ನೊಂದನೇ ಅನುಸೂಚಿ ಪಂಚಾಯಿತಿಗಳ ಕೆಲಸಗಳ ಪಟ್ಟಿ. ಅದರಲ್ಲಿ ಪಶುಸಂಗೋಪನೆ, ಹೈನುಗಾರಿಕೆ, ಕೋಳಿ ಸಾಕಣೆ ಇದೆ. ಹನ್ನೆರಡನೇ ಅನುಸೂಚಿ ನಗರಸಭೆಗಳದ್ದು. ಕಸಾಯಿಖಾನೆಗಳ ನಿಯಂತ್ರಣ ಇರೋದು ಅಲ್ಲಿ, 18ನೇ ಐಟಂ ಆಗಿ. ಒಟ್ಟಿನಲ್ಲಿ ಸಾಕೋದು ಹಳ್ಳಿಯ ಲೆಕ್ಕ, ಕಡಿಯೋದು ಪೇಟೆಯ ಲೆಕ್ಕ. ಸಕ್ರೆಬೈಲು, ಗಾಜನೂರಿನಂಥ ಊರು ಶಿವಮೊಗ್ಗ ಮಹಾನಗರ ಪಾಲಿಕೆಗೂ ಸೇರಲ್ಲ, ಭದ್ರಾವತಿ ನಗರಸಭೆಗೂ ಸೇರಲ್ಲ. ಅಲ್ಲಿ ಜಾತ್ರೆ, ಹಬ್ಬ, ಮದುವೆ ಮಾರನೇ ದಿನ ಮರಿ ಕಡಿಯೋದು ಮರದಡಿಯಲ್ಲೋ ಶೆಡ್ಡಿನ ಹಿಂದೆಯೋ.

ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಗಳು ಸಣ್ಣವರಿಗೂ ಒಂದು ಜಾಗ ಮಾಡಿದ್ದವು. ದಿನಕ್ಕೆ 10 ಸಣ್ಣ ಪ್ರಾಣಿ ಅಥವಾ 50 ಕೋಳಿವರೆಗೆ ಕಡಿಯುವವರಿಗೆ ದೊಡ್ಡ ಲೈಸೆನ್ಸ್ ಬೇಡ, ನೋಂದಣಿ ಸಾಕು ಅಂತ. ಆದರೆ ಅದೇ ನಿಯಮಗಳು ಗೋಡೆಗೆ ತೊಳೆಯಬಹುದಾದ ಟೈಲ್ಸ್, ಹರಿಯುವ ನೀರು, ನೊಣ ಬಾರದ ಜಾಲರಿ, ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕೇಳುತ್ತವೆ. ಅಂಗಡಿಗೆ ಬರೋ ಮಾಂಸ ಅಧಿಕೃತ ಕಸಾಯಿಖಾನೆಯಿಂದಲೇ ಬರಬೇಕು ಅನ್ನುತ್ತವೆ. ಕೇಳೋದು ನ್ಯಾಯವೇ. ಆದರೆ ಹೋಬಳಿ ಮಟ್ಟದಲ್ಲಿ ಆ ಕಸಾಯಿಖಾನೆಯೇ ಇಲ್ಲದಿದ್ದರೆ ಅಂಗಡಿಯವರು ಏನು ಮಾಡ್ಬೇಕು?

2001ರ ಪ್ರಾಣಿ ಹಿಂಸೆ ತಡೆ ನಿಯಮಗಳ ಪ್ರಕಾರ ಕಸಾಯಿಖಾನೆಯಲ್ಲಿ ಕಡಿಯುವ ಮುಂಚೆ ಪಶುವೈದ್ಯರು ಪ್ರತಿ ಪ್ರಾಣಿಯನ್ನೂ ನೋಡಬೇಕು. ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ನೋಡಬಾರದು. ಗಬ್ಬದ ಪ್ರಾಣಿಯನ್ನು ಕಡಿಯುವಂತಿಲ್ಲ. ಒಳ್ಳೆಯ ನಿಯಮಗಳು. ಇವುಗಳಿಂದ ಉಪಯೋಗ ಆಗ್ಬೇಕಾದರೆ ಮೊದಲು ವೈದ್ಯರು, ಜಾಗ, ಕಲಿತ ಕೈ ಒಂದೇ ಕಡೆ ಸಿಗಬೇಕು.

ಕಡಿಯೋದರಲ್ಲಿ ಕಲಿಯೋಕೇನಿದೆ?

ತುಂಬಾ ಇದೆ. ದೂರದಿಂದ ಲಾರಿಯಲ್ಲಿ ಬಂದು ಬೆದರಿದ ಕುರಿಯನ್ನು ಇಳಿಸಿದ ತಕ್ಷಣ ಕಡಿದರೆ ಮಾಂಸ ಕಪ್ಪಾಗುತ್ತೆ, ಗಟ್ಟಿಯಾಗುತ್ತೆ, ಬೇಗ ಕೆಡುತ್ತೆ. ಕಾರಣ ಸರಳ. ಸ್ನಾಯುವಿನಲ್ಲಿರುವ ಗ್ಲೈಕೋಜನ್ ಗಾಬರಿಯಲ್ಲೇ ಖರ್ಚಾಗಿಬಿಟ್ಟರೆ ಆಮೇಲೆ ಲ್ಯಾಕ್ಟಿಕ್ ಆಮ್ಲ ಆಗೋಕೆ ಏನೂ ಉಳಿದಿರಲ್ಲ. ಮಾಂಸದ ಪಿಎಚ್ 5.5ರ ಆಸುಪಾಸಿಗೆ ಇಳಿಯಲ್ಲ. ಪ್ರಾಣಿಗೆ ನೀರು, ನೆರಳು, ವಿಶ್ರಾಂತಿ ಕೊಡೋದು ಕರುಣೆಯೂ ಹೌದು, ವ್ಯಾಪಾರವೂ ಹೌದು.

ರಕ್ತ ಪೂರ್ತಿ ಹರಿಯಬೇಕು. ಚರ್ಮ ಸುಲಿಯುವಾಗ ಕತ್ತಿ ತಾಗಿ ತೂತಾದರೆ ಚರ್ಮದ ಬೆಲೆ ಬಿತ್ತು. ಕರುಳು ಹರಿದರೆ ಇಡೀ ಮಾಂಸಕ್ಕೆ ಹೊಲಸು ತಾಗುತ್ತೆ. ಪಿತ್ತಕೋಶ ಒಡೆದರೆ ಲಿವರ್ ಕಹಿ. ಕಡಿದ ಕೆಲವೇ ಗಂಟೆಗಳಲ್ಲಿ ಸ್ನಾಯು ಬಿಗಿಯುತ್ತೆ. 0ರಿಂದ 4 ಡಿಗ್ರಿ ತಂಪಿನಲ್ಲಿ ಒಂದು ದಿನ ಇಟ್ಟರೆ ಮತ್ತೆ ಮೆತ್ತಗಾಗುತ್ತೆ. ‘ಇವತ್ತಿನ ಮಟನ್ ಬೇಯಲೇ ಇಲ್ಲ’ ಅಂತ ಅಮ್ಮ ಕುಕ್ಕರನ್ನು ಬೈಯುವಾಗ ತಪ್ಪು ಕುಕ್ಕರಿನದ್ದೇ ಆಗಿರಬೇಕಿಲ್ಲ.

ಕೋಳಿ ಅಂಗಡಿಯಲ್ಲಿ ಕತ್ತು ಕುಯ್ದು ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕೋದು ನಾವೆಲ್ಲ ಕಂಡಿದ್ದೇ. ಅದರ ಬದಲು ತಲೆಕೆಳಗಾಗಿ ಹಿಡಿಯುವ ಸ್ಟೀಲಿನ ಕೋನ್ ಇಟ್ಟರೆ ಕೋಳಿ ಒದ್ದಾಡೋದು ಕಡಿಮೆ, ರಕ್ತ ಚೆನ್ನಾಗಿ ಹರಿಯುತ್ತೆ, ರೆಕ್ಕೆ ಮುರಿಯಲ್ಲ, ಅಂಗಡಿಯೂ ಶುಚಿ. ಅಂಥ ದುಬಾರಿ ಸಾಮಾನೇನಲ್ಲ. ಹೇಳಿಕೊಡೋರು ಬೇಕು, ಅಷ್ಟೆ.

ಲೆಕ್ಕವನ್ನೂ ನೋಡಿ. 25 ಕೆ.ಜಿ. ಮರಿಯಲ್ಲಿ ಸಿಗೋದು ಸುಮಾರು 11–12 ಕೆ.ಜಿ. ಮಾಂಸ. ಕೈ ಪಳಗದೆ ಅರ್ಧ ಕೆ.ಜಿ. ಮೂಳೆ ಚೂರಿನಲ್ಲಿ, ಕೊರಡಿನ ಮೇಲೆ ಹಾಳಾಯಿತು ಅಂತಿಟ್ಟುಕೊಳ್ಳಿ. ಕೆ.ಜಿ.ಗೆ 700 ರೂಪಾಯಿ ಅಂದರೂ ಮರಿಗೆ 350 ರೂಪಾಯಿ ಹೋಯ್ತು. ಭಾನುವಾರ 10 ಮರಿ ಕಡಿದರೆ 3,500. ವಾರಕ್ಕೊಂದು ಭಾನುವಾರದ್ದೇ ಹಿಡಿದರೂ ವರ್ಷಕ್ಕೆ 1.8 ಲಕ್ಷ ದಾಟುತ್ತೆ.

ಕಸುಬುದಾರರ ಆರೋಗ್ಯವೂ ಇದೆ. ಬ್ರುಸೆಲ್ಲೋಸಿಸ್‌ನಂಥ ಜ್ವರ ಪ್ರಾಣಿಯಿಂದ ಬರೋದು ಮೊದಲು ಇವರಿಗೇ. ಕೈಗವಸು ಯಾವಾಗ ಹಾಕ್ಬೇಕು, ಗಾಯವಾದ ಕೈಯಲ್ಲಿ ಏನು ಮುಟ್ಟಬಾರದು ಅಂತ ತಿಳಿಸಿದರೆ ಅದೂ ಸಾರ್ವಜನಿಕ ಆರೋಗ್ಯದ ಕೆಲಸವೇ.

ಹಾಲಿಗೆ ಆಗಿದ್ದು ಮಾಂಸಕ್ಕೆ ಯಾಕಿಲ್ಲ?

ಶಿವಮೊಗ್ಗ–ಭದ್ರಾವತಿ ನಡುವೆ ಮಾಚೇನಹಳ್ಳಿಯಲ್ಲಿ ಶಿಮುಲ್ ಡೇರಿ ಇದೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಹೈನು ಯೋಜನೆ ಶುರುವಾದಾಗ ಸರ್ಕಾರ ಹಸು ಕೊಡಿಸಿ ಸುಮ್ಮನಾಗಲಿಲ್ಲ. ಹಳ್ಳಿಗೊಂದು ಸಂಘ, ಫ್ಯಾಟ್ ಅಳೆಯೋ ವ್ಯವಸ್ಥೆ, ತಣ್ಣಗಿಡೋ ವ್ಯವಸ್ಥೆ, ಅಳೆಯೋಕೆ ಕಲಿತ ಹುಡುಗ, ಎಲ್ಲ ಬಂದವು. ಹಾಲಿನ ಬೆಲೆ ಹಳ್ಳಿಯಲ್ಲೇ ನಿಂತಿತು. ಕುರಿ ಸಾಕೋರು ಇವತ್ತಿಗೂ ಸಂತೆಯಲ್ಲಿ ಕಣ್ಣಳತೆಯಲ್ಲೇ ಮಾರಬೇಕು.

ಕಡಿಯೋ ಕೌಶಲಕ್ಕೆ ಬೆಲೆ ಇದೆ ಅಂತ ಮಾರುಕಟ್ಟೆಗೆ ಚೆನ್ನಾಗಿ ಗೊತ್ತು. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಲಿಶಿಯಸ್ ನಿಂತಿರೋದೇ ಅದರ ಮೇಲೆ. ಆ್ಯಪ್‌ನಲ್ಲಿ ‘ಕರಿ ಕಟ್’ ಒತ್ತುವಾಗ ನಾವು ಹೆಚ್ಚು ಕೊಡೋದು ತಂಪು, ಶುಚಿ, ಒಂದೇ ಅಳತೆಯ ಪೀಸ್‌ಗೆ. ಆ ಹೆಚ್ಚುವರಿ ದುಡ್ಡಿನಲ್ಲಿ ಸ್ವಲ್ಪವಾದರೂ ಭದ್ರಾವತಿಯ ಅಂಗಡಿಗೆ ಬರಬಾರದಾ?

ಪಕ್ಕದ ಕೇರಳದ ಪಾಠ

ಕೇರಳ ಸರ್ಕಾರ 1973ರಲ್ಲೇ ಕೂತಾಟುಕುಳಂನಲ್ಲಿ ‘ಮೀಟ್ ಪ್ರಾಡಕ್ಟ್ಸ್ ಆಫ್ ಇಂಡಿಯಾ’ ಕಂಪನಿ ಕಟ್ಟಿತು. ಈಚೆಗೆ ಕುಟುಂಬಶ್ರೀ ಸಂಘದ ಮಹಿಳೆಯರು ಕೋಳಿ ಸಾಕಿ, ‘ಕೇರಳ ಚಿಕನ್’ ಹೆಸರಿನ ಅಂಗಡಿಗಳಲ್ಲಿ ತಾವೇ ಮಾರ್ತಿದ್ದಾರೆ. ಕೋಳಿ ತ್ಯಾಜ್ಯವನ್ನು ಬೇಯಿಸಿ ಪಶು ಆಹಾರದ ಕಚ್ಚಾವಸ್ತು ಮಾಡುವ ರೆಂಡರಿಂಗ್ ಘಟಕಗಳೂ ಅಲ್ಲಿವೆ. ಶಿವಮೊಗ್ಗ ಕುಡಿಯೋದು ತುಂಗೆಯ ನೀರು. ರಸ್ತೆ ಬದಿ ಚೀಲ ಎಸೆಯೋ ಚಟ ಬಿಡಿಸೋಕೆ ಇಂಥದ್ದೊಂದು ಇಲ್ಲೂ ಬೇಕೇ ಬೇಕು.

ಎಲ್ಲವೂ ಗೆದ್ದಿಲ್ಲ. ನಮ್ಮ ಗುಂಡ್ಲುಪೇಟೆ ಗಡಿ ದಾಟಿದರೆ ಸಿಗುವ ವಯನಾಡಿನಲ್ಲಿ ಬ್ರಹ್ಮಗಿರಿ ಸೊಸೈಟಿ ‘ಮಲಬಾರ್ ಮೀಟ್’ ಅಂತ ದೊಡ್ಡ ಆಧುನಿಕ ಘಟಕ ಮಾಡಿತ್ತು. ಸಾಲ, ಠೇವಣಿ ಹೊರೆಯಲ್ಲಿ ಸಿಕ್ಕಿ ಅದು ನಿಂತುಹೋಯಿತು, ದುಡ್ಡಿಟ್ಟವರು ಪರದಾಡಿದರು. ನೆರವು ಅಂದರೆ ದೊಡ್ಡ ಯಂತ್ರ, ದೊಡ್ಡ ಉದ್ಘಾಟನೆ ಅಂದುಕೊಂಡರೆ ಅಪಾಯ ಇದೆ. ಇರೋ ಅಂಗಡಿಗಳನ್ನು ಮೇಲೆತ್ತೋದು ನಿಧಾನದ ಕೆಲಸ, ಆದರೆ ಮುಳುಗೋದು ಕಡಿಮೆ.

ಬರೀ ದೊಡ್ಡದನ್ನೇ ನಂಬಿದ ಅಮೆರಿಕಕ್ಕೂ 2020ರಲ್ಲಿ ಪೆಟ್ಟು ಬಿತ್ತು. ಕೋವಿಡ್‌ನಿಂದ ದೊಡ್ಡ ಮಾಂಸ ಕಾರ್ಖಾನೆಗಳು ಮುಚ್ಚಿದಾಗ ಪ್ರಾಣಿ ಇದ್ದೂ ಕಡಿಯೋರಿಲ್ಲದೆ ರೈತರು ಕಂಗಾಲಾದರು. 2022ರಲ್ಲಿ ಅಲ್ಲಿನ ಸರ್ಕಾರ ಸ್ವತಂತ್ರ ಸಂಸ್ಕರಣಾ ಘಟಕಗಳಿಗೆ 100 ಕೋಟಿ ಡಾಲರ್ ನೆರವು ಘೋಷಿಸಿತು. ಜರ್ಮನಿಯಲ್ಲಂತೂ ಕಟುಕನಾಗೋಕೆ ಮೂರು ವರ್ಷದ ಅಪ್ರೆಂಟಿಸ್‌ಶಿಪ್, ಕೊನೆಗೆ ಪರೀಕ್ಷೆ.

‘ಕಟುಕ’ ಅನ್ನೋ ಬೈಗುಳ

ಕನ್ನಡದಲ್ಲಿ ಕಟುಕ ಅಂದರೆ ಕಸುಬೂ ಹೌದು, ಬೈಗುಳವೂ ಹೌದು. ‘ಕಟುಕ ಮನಸ್ಸು’ ಅಂತೀವಿ. ಆರೆಕಟಿಕರು, ಮುಸ್ಲಿಮರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ತಿನ್ನೋರು ಎಲ್ಲ ಜಾತಿಯಲ್ಲೂ ಇದ್ದಾರೆ, ಆದರೆ ಅಂಗಡಿಗೆ ಬಾಡಿಗೆ ಮಳಿಗೆ ಕೊಡೋಕೆ ಹಿಂದೇಟು. ಓದಿದ ಮಗ ಅಪ್ಪನ ಅಂಗಡಿಗೆ ಬರೋಕೆ ಯಾಕೆ ಒಪ್ಪಲ್ಲ ಅನ್ನೋದಕ್ಕೆ ಉತ್ತರ ಅರ್ಧ ಇಲ್ಲೇ ಇದೆ.

2022ರ ಯುಗಾದಿ, ಹೊಸತೊಡಕಿನ ಹೊತ್ತಿಗೆ ರಾಜ್ಯದಲ್ಲೆಲ್ಲ ಹಲಾಲ್–ಜಟ್ಕಾ ಗಲಾಟೆ ಎದ್ದಿತು. ಕತ್ತಿ ಯಾರ ಕೈಯಲ್ಲಿರಬೇಕು ಅಂತ ಟಿ.ವಿ.ಯಲ್ಲಿ ವಾರಗಟ್ಟಲೆ ಚರ್ಚೆ ಆಯಿತು. ಆ ಕೈ ತೊಳೆಯೋಕೆ ನೀರಿದೆಯಾ, ಆ ಮರಿಯನ್ನು ವೈದ್ಯರು ನೋಡಿದಾರಾ ಅಂತ ಕೇಳಿದವರು ಕಡಿಮೆ. ಯಾವ ವಿಧಾನದಲ್ಲೇ ಕಡಿಯಲಿ, ಶುಚಿತ್ವದ ಪಾಠ ಎಲ್ಲರಿಗೂ ಒಂದೇ.

ತೆರಿಗೆ ದುಡ್ಡು ಪ್ರಾಣಿ ಕಡಿಯೋದಕ್ಕೆ ಯಾಕೆ ಅಂತ ಸಸ್ಯಾಹಾರಿ ಗೆಳೆಯರು ಕೇಳಬಹುದು. ಕಡಿಯೋದು ಹೇಗೂ ನಡೀತಿದೆ. ನೆರವು ಇಲ್ಲದಿದ್ದರೆ ಅದು ನಿಲ್ಲಲ್ಲ, ಚರಂಡಿ ಪಕ್ಕ ನಡೆಯುತ್ತೆ. ಕಲಿತ ಕೈಯಲ್ಲಾದರೆ ಪ್ರಾಣಿಯ ನೋವು ಕಡಿಮೆ.

ಶಿವಮೊಗ್ಗದಲ್ಲಿ ಏನು ಮಾಡಬಹುದು?

ಬೇಕಾದ ಬಿಡಿಭಾಗ ಎಲ್ಲ ಇಲ್ಲೇ ಇದೆ. ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿ ಮಾಂಸ, ಹಾಲಿನ ಉತ್ಪನ್ನಗಳ ತಂತ್ರಜ್ಞಾನ ಪಾಠದ ಭಾಗವೇ. ಹೈದರಾಬಾದ್ ಪಕ್ಕದ ಚಂಗಿಚೆರ್ಲದಲ್ಲಿರುವ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆ ಉದ್ಯಮಿಗಳಿಗೆ ತರಬೇತಿ ಕೊಡುತ್ತೆ. ಆಹಾರ ಸುರಕ್ಷತಾ ಪ್ರಾಧಿಕಾರದ ‘ಫಾಸ್ಟ್ಯಾಕ್’ ತರಬೇತಿಯಲ್ಲಿ ಮಾಂಸ–ಕೋಳಿಗೆ ಬೇರೆ ಕೋರ್ಸೇ ಇದೆ. ಹಳ್ಳಿಗಳಲ್ಲಿ ಸಂಜೀವಿನಿ ಸ್ವಸಹಾಯ ಸಂಘಗಳಿವೆ. ಇವುಗಳನ್ನು ಸೇರಿಸುವ ಕೊಂಡಿ ಮಾತ್ರ ಇಲ್ಲ.

ನನ್ನ ಪ್ರಕಾರ ಮೂರು ಕೆಲಸ. ಒಂದು, ಕಾಲೇಜಿನಲ್ಲಿ ಅಂಗಡಿಯವರಿಗೇ ಅಂತ ಕನ್ನಡ, ಉರ್ದುವಿನಲ್ಲಿ ಎರಡು ವಾರದ ತರಬೇತಿ. ವ್ಯಾಪಾರ ಇಲ್ಲದ ದಿನಗಳಲ್ಲಿ, ದಿನದ ಕೂಲಿ ಭರ್ತಿ ಮಾಡಿ. ಹಳೇ ಕಸುಬುದಾರರನ್ನೂ ಕಲಿಸೋಕೆ ಕರೀಬೇಕು. ಕತ್ತಿ ವಿಷಯದಲ್ಲಿ ಅವರಿಗೆ ಗೊತ್ತಿರೋದು ಪುಸ್ತಕದಲ್ಲಿಲ್ಲ. ಎರಡು, ಹೋಬಳಿಗೊಂದು ಸಣ್ಣ ಕಡಿಯುವ ಜಾಗ: ನೀರು, ತೂಗುಹಾಕೋ ಕೊಕ್ಕೆ, ಚರಂಡಿ, ಕೂಲರ್, ನಿಗದಿತ ದಿನ ಬರೋ ಪಶುವೈದ್ಯರು. ಪಂಚಾಯಿತಿ ಕಟ್ಟಲಿ, ಅಂಗಡಿಯವರು ಮರಿಗಿಷ್ಟು ಅಂತ ಶುಲ್ಕ ಕೊಡಲಿ. ಮೂರು, ಪಿಎಂಎಫ್‌ಎಂಇ ಅರ್ಜಿ ತುಂಬಿಸೋರು ಮಟನ್ ಮಾರ್ಕೆಟ್‌ಗೂ ಒಂದು ಸಲ ಬರಲಿ. 10 ಲಕ್ಷದ ಘಟಕಕ್ಕೆ ಕೈಯಿಂದ ಹಾಕಬೇಕಾದ್ದು ಶೇ. 10, ಅಂದರೆ 1 ಲಕ್ಷ. ಉಳಿದದ್ದು ಬ್ಯಾಂಕ್ ಸಾಲ, ಅದರಲ್ಲಿ 5 ಲಕ್ಷ ಸಹಾಯಧನ ಅಂತ ಹೇಳಿದರೆ ಕೇಳೋರು ಇದ್ದಾರೆ.

ಗಿರಾಕಿಗಳಾಗಿ ನಮ್ಮದೂ ಒಂದು ಪಾಲಿದೆ. ಮುಂದಿನ ಸಲ ಅಂಗಡಿಗೆ ಹೋದಾಗ ನೋಂದಣಿ ನಂಬರ್ ಎಲ್ಲಿ ಹಾಕಿದ್ದೀರಿ ಅಂತ ಮರ್ಯಾದೆಯಿಂದ ಕೇಳಿ. ಇಲ್ಲ ಅಂದರೆ ಜಗಳ ಬೇಡ, ಫೋನ್ ನಿಮ್ಮ ಕೈಯಲ್ಲೇ ಇದೆ, ಅರ್ಜಿ ಹಾಕೋಕೆ ಹತ್ತು ನಿಮಿಷ ಸಹಾಯ ಮಾಡಿ. ಟೈಲ್ಸ್ ಹಾಕಿಸಿ, ಫ್ರೀಜರ್ ಇಟ್ಟ ಅಂಗಡಿಯವರು ಕೆ.ಜಿ.ಗೆ 20 ರೂಪಾಯಿ ಜಾಸ್ತಿ ಹೇಳಿದರೆ ಚೌಕಾಶಿ ಮಾಡದೆ ಕೊಡಿ. ಗ್ರಾಮಸಭೆಗೆ ಹೋಗೋ ಅಭ್ಯಾಸ ಇದ್ದರೆ, ಈ ವರ್ಷ ಕಡಿಯುವ ಜಾಗದ ವಿಷಯ ಎತ್ತಿ.