ಮನೆಯ ಯಂತ್ರಗಳಿಗೂ ಒಂದು ಲೆಜರ್

ಹಿಂದೆ ಬ್ಯಾಂಕಿನಲ್ಲಿ ಹಣ ತೆಗೆಯಲು ಹೋದವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದುದು ಅಜ್ಜ, ಅಜ್ಜಿಯರಿಗೆ ನೆನಪಿರುತ್ತದೆ. ಚೆಕ್ಕು ಒಳಗೆ ಹೋಗುತ್ತಿತ್ತು, ಟೋಕನ್ ಕೈಗೆ ಬರುತ್ತಿತ್ತು. ಕ್ಯಾಷಿಯರ್ ಸಂಖ್ಯೆ ಕೂಗಿದಾಗ ಟೋಕನ್ ಹಿಂದಿರುಗಿಸಿ ಹಣ ಎಣಿಸಿಕೊಳ್ಳಬೇಕು. ಸ್ವಲ್ಪ ಹೊತ್ತಿನಲ್ಲೇ ಅದೇ ಟೋಕನ್ ಇನ್ನೊಬ್ಬರ ಕೈಯಲ್ಲಿರುತ್ತಿತ್ತು. ಪಾಸ್‌ಬುಕ್ಕಿನ ಖಾತೆ ಸಂಖ್ಯೆ ಹಾಗಲ್ಲ. ಅದು ನಿಮ್ಮೊಬ್ಬರದೇ, ದಿನದಿನಕ್ಕೆ ಬದಲಾಗುವುದಿಲ್ಲ.

ಗುಮಾಸ್ತನಾಗಿ ನನ್ನ ಸೇವೆಯೆಲ್ಲ ಈ ಎರಡು ಬಗೆಯ ಸಂಖ್ಯೆಗಳ ನಡುವೆಯೇ ಕಳೆಯಿತು. ಮಕ್ಕಳೇ, ನಿಮ್ಮ ಮನೆಯ ಕಂಪ್ಯೂಟರ್, ಮೊಬೈಲ್, ಟಿ.ವಿ., ಪ್ರಿಂಟರ್‌ಗಳಿಗೂ ಇಂಥವೇ ಸಂಖ್ಯೆಗಳಿವೆ. ಅವಕ್ಕೆ ಐಪಿ ವಿಳಾಸ ಎನ್ನುತ್ತಾರೆ.

ಎಂಟು ಸ್ವಿಚ್ಚಿನ ಲೆಕ್ಕ

ಐಪಿ ವಿಳಾಸ 192.168.1.20 ಎಂಬಂತೆ ನಾಲ್ಕು ಭಾಗಗಳಲ್ಲಿ ಇರುತ್ತದೆ. ಯಾವ ಭಾಗವೂ 255ನ್ನು ದಾಟುವುದಿಲ್ಲ. ಏಕೆ? ಒಂದು ಸ್ವಿಚ್ಚು ಹಾಕಿರಬಹುದು ಇಲ್ಲವೇ ಆರಿಸಿರಬಹುದು, ಅಂದರೆ ಎರಡು ಬಗೆ. ಎರಡು ಸ್ವಿಚ್ಚಿಗೆ ನಾಲ್ಕು ಬಗೆ, ಮೂರಕ್ಕೆ ಎಂಟು. ಹೀಗೆ ದ್ವಿಗುಣ ಮಾಡುತ್ತಾ ಹೋದರೆ ಎಂಟು ಸ್ವಿಚ್ಚಿಗೆ 256. ಸೊನ್ನೆಯಿಂದ ಎಣಿಸುವುದರಿಂದ ಕೊನೆಯದು 255. ಕಂಪ್ಯೂಟರಿನ ಒಳಗೆ ಒಂದೊಂದು ಭಾಗವೂ ಇಂಥ ಎಂಟು ಸ್ವಿಚ್ಚುಗಳ ಗುಂಪು.

ನಾಲ್ಕು ಭಾಗ ಸೇರಿದರೆ ಒಟ್ಟು 4,29,49,67,296 ವಿಳಾಸಗಳು. 1981ರಲ್ಲಿ ಈ ನಿಯಮ ಬರೆದಾಗ ಇದು ಧಾರಾಳವಾಗಿತ್ತು. ಈಗ ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. ಹಂಚಲು ಇಟ್ಟಿದ್ದ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲಿ ಮುಗಿಯಿತು. 128 ಸ್ವಿಚ್ಚುಗಳ ಹೊಸ ಪದ್ಧತಿಯೂ ಬಳಕೆಗೆ ಬಂದಿದೆ.

ಮನೆಯೊಳಗಿನ ಬಳಕೆಗೆಂದೇ ಕೆಲವು ವಿಳಾಸಗಳನ್ನು ಬಿಟ್ಟುಕೊಟ್ಟಿದ್ದಾರೆ. 192.168 ಎಂದು ಶುರುವಾಗುವವು ಅಂಥವು. ಬೆಂಗಳೂರಿನ ಜಯನಗರದಲ್ಲೂ ಮೊದಲನೇ ಅಡ್ಡರಸ್ತೆ ಇದೆ, ಮಲ್ಲೇಶ್ವರದಲ್ಲೂ ಇದೆ. ಹಾಗೆಯೇ ನಿಮ್ಮ ಮನೆಯ 192.168.1.20 ಪಕ್ಕದ ಮನೆಯಲ್ಲೂ ಇರಬಹುದು, ತೊಂದರೆಯಿಲ್ಲ. ಒಂದೇ ಮನೆಯಲ್ಲಿ ಎರಡು ಇದ್ದರೆ ಮಾತ್ರ ಜಗಳ.

ತುಂಬಬೇಕಾದ ನಾಲ್ಕು ಅಂಕಣ

ವಿಳಾಸವನ್ನು ಕೈಯಾರೆ ಬರೆಯುವಾಗ ನಾಲ್ಕು ಅಂಕಣ ತುಂಬಬೇಕು. ಚಲನ್ ತುಂಬಿದವರಿಗೆ ಇದು ಕಷ್ಟವಲ್ಲ.

ಮೊದಲನೆಯದು ಐಪಿ ವಿಳಾಸ, ಅಂದರೆ ಮನೆ ಸಂಖ್ಯೆ. ಎರಡನೆಯದು ಸಬ್‌ನೆಟ್ ಮಾಸ್ಕ್. ಮನೆಗಳಲ್ಲಿ ಸಾಮಾನ್ಯವಾಗಿ ಇದು 255.255.255.0. ಮೊದಲ ಮೂರು ಭಾಗ ಒಂದೇ ಆಗಿದ್ದರೆ ನಾವು ಒಂದೇ ಬೀದಿಯವರು, ಕೊನೆಯ ಭಾಗ ಮಾತ್ರ ಬೇರೆ ಬೇರೆ ಎಂದು ಇದರ ಅರ್ಥ. ಆ ಕೊನೆಯ ಭಾಗದಲ್ಲಿ 0 ಬೀದಿಗೆ ಸೇರಿದ್ದು, 255 ಎಲ್ಲರನ್ನೂ ಒಟ್ಟಿಗೆ ಕೂಗಲು. ಉಳಿದ 254 ಮಾತ್ರ ಯಂತ್ರಗಳಿಗೆ.

ಮೂರನೆಯದು ಗೇಟ್‌ವೇ. ಬೀದಿಯಿಂದ ಹೊರಗೆ ಹೋಗುವ ಬಾಗಿಲು ಇದು, ಅಂದರೆ ನಿಮ್ಮ ರೂಟರ್‌ನ ವಿಳಾಸ. ನಾಲ್ಕನೆಯದು ಡಿಎನ್ಎಸ್. ಇದು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ವ್ಯವಸ್ಥೆ. ನಾವು ಹೆಸರು ಹೇಳಿದರೆ ಅದು ಸಂಖ್ಯೆ ಹುಡುಕಿಕೊಡುತ್ತದೆ, ಹಳೆಯ ಟೆಲಿಫೋನ್ ಡೈರೆಕ್ಟರಿಯಂತೆ.

ಪ್ರಿಂಟರ್ ಎಲ್ಲಿಗೆ ಹೋಯಿತು?

ಇವೆಲ್ಲ ತನ್ನಷ್ಟಕ್ಕೆ ತುಂಬಿಕೊಳ್ಳುತ್ತವೆಯಲ್ಲ, ನಮಗೇಕೆ ಗೊತ್ತಿರಬೇಕು ಎಂದು ಕೇಳಬಹುದು. ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಮೊಮ್ಮಗಳಿಗೆ ಮರುದಿನ ಬೆಳಗ್ಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ. ಹಾಲ್ ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಸಂಜೆಯೆಲ್ಲ ಕರೆಂಟ್ ಇರಲಿಲ್ಲ. ರಾತ್ರಿ ಒಂಬತ್ತಕ್ಕೆ ಬಂದಾಗ ಜೆರಾಕ್ಸ್ ಅಂಗಡಿ ಬಾಗಿಲು ಹಾಕಿತ್ತು.

“ತಾತ, ಪ್ರಿಂಟರ್ ಆಫ್‌ಲೈನ್ ಅಂತ ತೋರಿಸ್ತಿದೆ. ಆದ್ರೆ ದೀಪ ಉರೀತಾನೇ ಇದೆ!” ಎಂದಳು. ಅವಳ ಧ್ವನಿ ಆಗಲೇ ನಡುಗುತ್ತಿತ್ತು.

ಪ್ರಿಂಟರ್‌ನ ಮೆನುವಿನಲ್ಲಿ ಅದರ ವಿಳಾಸ ನೋಡಿದೆವು. ಕೊನೆಯ ಭಾಗ 107 ಇತ್ತು. ಕಂಪ್ಯೂಟರಿನಲ್ಲಿ ಪ್ರಿಂಟರ್‌ಗೆಂದು ಬರೆದಿದ್ದುದು 104. ಸಂಗತಿ ತಿಳಿಯಿತು. ರೂಟರ್ ಎಂದರೆ ಟೋಕನ್ ಕೊಡುವ ಗುಮಾಸ್ತ. ಕರೆಂಟ್ ಬಂದು ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದಾಗ ಟಿ.ವಿ. ಮೊದಲು ಹೋಗಿ 104 ಪಡೆದಿತ್ತು. ಪ್ರಿಂಟರ್‌ಗೆ 107 ಸಿಕ್ಕಿತ್ತು. ಕಂಪ್ಯೂಟರ್ ಹಾಲ್ ಟಿಕೆಟ್ಟನ್ನು ಟಿ.ವಿ.ಯ ಬಾಗಿಲಿಗೆ ಒಯ್ಯುತ್ತಿತ್ತು!

ಟೋಕನ್ ಬದಲು ಖಾತೆ ಸಂಖ್ಯೆ

ಫೋನು, ಟಿ.ವಿ.ಗಳಿಗೆ ಟೋಕನ್ ಸಾಕು, ಅವನ್ನು ಯಾರೂ ವಿಳಾಸ ಹಿಡಿದು ಹುಡುಕಿಕೊಂಡು ಹೋಗುವುದಿಲ್ಲ. ಪ್ರಿಂಟರ್‌ನ ಬಳಿಗೆ ಎಲ್ಲರೂ ಹೋಗಬೇಕು. ಅದಕ್ಕೆ ಬದಲಾಗದ ಸಂಖ್ಯೆ ಬೇಕು.

ನಮ್ಮ ರೂಟರ್ 100ರಿಂದ 199ರವರೆಗೆ ಟೋಕನ್ ಹಂಚುತ್ತದೆ ಎಂದು ಅದರ ಪುಟದಲ್ಲಿ ಕಂಡಿತು. ಆದ್ದರಿಂದ ಆ ಸಾಲಿನ ಹೊರಗಿನ 20ನ್ನು ಆರಿಸಿದೆವು. ಪ್ರಿಂಟರ್‌ನ ನೆಟ್‌ವರ್ಕ್ ಮೆನುವಿನಲ್ಲಿ ‘ಆಟೊ’ ಬದಲು ‘ಮ್ಯಾನ್ಯುಯಲ್’ ಒತ್ತಿ, ಮೊಮ್ಮಗಳು ಓದಿದಂತೆ ನಾನು ತುಂಬಿದೆ: ವಿಳಾಸ 192.168.1.20, ಮಾಸ್ಕ್ 255.255.255.0, ಗೇಟ್‌ವೇ 192.168.1.1. ಕಂಪ್ಯೂಟರಿನಲ್ಲೂ ಪ್ರಿಂಟರನ್ನು ಹೊಸ ವಿಳಾಸದಲ್ಲಿ ಸೇರಿಸಿದೆವು. ಹತ್ತು ಗಂಟೆಗೆ ಹಾಲ್ ಟಿಕೆಟ್ ಕೈಯಲ್ಲಿತ್ತು. ಆಮೇಲೆ ಎಷ್ಟು ಸಲ ಕರೆಂಟ್ ಹೋದರೂ ಪ್ರಿಂಟರ್ 20ರಲ್ಲೇ ಇದೆ.

ಕಂಪ್ಯೂಟರಿಗೂ ಹೀಗೆ ಕೊಡಬಹುದು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ನಿಮ್ಮ ವೈ-ಫೈನ ಪ್ರಾಪರ್ಟೀಸ್ ತೆರೆದರೆ ‘ಐಪಿ ಅಸೈನ್‌ಮೆಂಟ್’ ಎಂಬ ಸಾಲು ಇದೆ. ಎಡಿಟ್ ಒತ್ತಿ ಮ್ಯಾನ್ಯುಯಲ್ ಆರಿಸಿ, ‘ಐಪಿವಿ4’ ಆನ್ ಮಾಡಿದರೆ ಅಂಕಣಗಳು ತೆರೆದುಕೊಳ್ಳುತ್ತವೆ. ಬದಲಿಸುವ ಮೊದಲು ಹಳೆಯದನ್ನು ಬರೆದಿಟ್ಟುಕೊಳ್ಳಿ. ಕೆಲಸ ಕೆಟ್ಟರೆ ಮತ್ತೆ ಆಟೊಮ್ಯಾಟಿಕ್ ಮಾಡಿದರಾಯಿತು. ವಿಳಾಸ 169.254 ಎಂದು ಶುರುವಾಗಿದ್ದರೆ, ರೂಟರ್ ಟೋಕನ್ ಕೊಟ್ಟಿಲ್ಲ, ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಿರಿ. ಶಾಲೆಯ ಅಥವಾ ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ಕೇಳದೆ ಕೈ ಹಾಕಬಾರದು.

ರಿಜಿಸ್ಟರ್ ಬರೆದವರು

ಇಂಟರ್‌ನೆಟ್ಟಿನ ಮೊದಲ ದಶಕಗಳಲ್ಲಿ ಯಾರಿಗೆ ಯಾವ ಸಂಖ್ಯೆ ಹೋಗಿದೆ ಎಂಬ ಪಟ್ಟಿಯನ್ನು ಇಟ್ಟುಕೊಂಡು ಬಂದವರು ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್. 1998ರಲ್ಲಿ ತೀರಿಕೊಳ್ಳುವವರೆಗೂ ಆ ಹೊಣೆ ಹೊತ್ತರು. ಅವರು ವಿಜ್ಞಾನಿ. ಆದರೂ ಮಾಡಿದ ಈ ಕೆಲಸ ಗುಮಾಸ್ತನದೇ: ಒಂದು ಸಂಖ್ಯೆ ಇಬ್ಬರಿಗೆ ಹೋಗದಂತೆ ನೋಡಿಕೊಳ್ಳುವುದು. ಜಗತ್ತನ್ನೇ ಜೋಡಿಸಿದ ಜಾಲ ನಿಂತಿರುವುದು ಸರಿಯಾಗಿ ಬರೆದ ಒಂದು ಪಟ್ಟಿಯ ಮೇಲೆ ಎಂದು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈ ಭಾನುವಾರ ನೀವೂ ಒಂದು ಹಳೆಯ ನೋಟ್‌ಬುಕ್ ತೆಗೆಯಿರಿ. ಯಂತ್ರ, ವಿಳಾಸ, ಟೋಕನ್ನೋ ಖಾತೆಯೋ, ದಿನಾಂಕ ಎಂದು ನಾಲ್ಕು ಗೆರೆ ಎಳೆಯಿರಿ. ಮಕ್ಕಳು ಓದಿ ಹೇಳಲಿ, ಹಿರಿಯರು ಬರೆಯಲಿ. ರೂಟರ್‌ನ ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ, ಫೋನ್ ಮಾಡಿ ಕೇಳಿದವರಿಗೂ ಹೇಳಬೇಡಿ. ಮುಂದೆಂದಾದರೂ ರೂಟರ್‌ನ ಪುಟದಲ್ಲಿ ನಿಮ್ಮ ನೋಟ್‌ಬುಕ್ಕಿನಲ್ಲಿಲ್ಲದ ಯಂತ್ರ ಕಂಡರೆ, ಅದು ಯಾರದು ಎಂದು ಮನೆಯವರನ್ನೆಲ್ಲ ಕೇಳಿ. ಯಾರದೂ ಅಲ್ಲವಾದರೆ ವೈ-ಫೈ ಪಾಸ್‌ವರ್ಡ್ ಅಂದೇ ಬದಲಿಸಿ.