‘ಬಿಯಾಂಡ್ ದಿ ಪೇಲ್’ ಎಂಬ ನುಡಿಗಟ್ಟಿನ ಅರ್ಥವಿಚಾರ

ಆಂಗ್ಲಭಾಷೆಯಲ್ಲಿ ‘ಬಿಯಾಂಡ್ ದಿ ಪೇಲ್’ ಎಂಬೊಂದು ನುಡಿಗಟ್ಟುಂಟು. ಶಿಷ್ಟರು ಸಹಿಸಲಾರದ ನಡತೆ ಎಂಬುದು ಅದರ ರೂಢಾರ್ಥ. ಆಂಗ್ಲವನ್ನು ಕಲಿಯುವ ಚೀನೀ ವಿದ್ಯಾರ್ಥಿಗೆ ಇದರಲ್ಲಿ ಎರಡು ತೊಡಕುಗಳಿವೆ: ಒಂದು ಶಬ್ದದ್ದು, ಇನ್ನೊಂದು ಅದರ ತೂಕದ್ದು.

‘ಪೇಲ್’ ಎಂದರೆ ಬಿಳಿಚಿಕೊಂಡದ್ದು ಎಂದು ಅವನು ಮೊದಲೇ ಕಲಿತಿರುವನು. ಆ ಅರ್ಥವನ್ನು ಇಲ್ಲಿಗೆ ತಂದರೆ ಅನ್ವಯವು ಕೂಡಲಾರದು. ಇವು ರೂಪಸಾಮ್ಯವುಳ್ಳ ಎರಡು ಬೇರೆ ಶಬ್ದಗಳು. ಬಿಳಿಚಿದ ‘ಪೇಲ್’ ಲ್ಯಾಟಿನಿನ ‘ಪಲ್ಲಿಡುಸ್’ ಎಂಬುದರಿಂದ ಬಂದುದು. ಪ್ರಕೃತ ಶಬ್ದವು ‘ಪಾಲುಸ್’ ಎಂಬುದರಿಂದ. ಪಾಲುಸ್ ಎಂದರೆ ನೆಲದಲ್ಲಿ ನೆಟ್ಟ ಗೂಟ. ಗೂಟಗಳ ಸಾಲು ಬೇಲಿಯಾಯಿತು. ಬೇಲಿಯೊಳಗಣ ನೆಲಕ್ಕೂ ಅದೇ ಹೆಸರು ಸಂದಿತು. ಫ್ರಾನ್ಸಿನ ಕ್ಯಾಲೆ ಪಟ್ಟಣದ ಸುತ್ತ 1558ರವರೆಗೆ ಆಂಗ್ಲರ ವಶದಲ್ಲಿದ್ದ ಪ್ರದೇಶವನ್ನೂ, ಐರ್ಲೆಂಡಿನಲ್ಲಿ ಡಬ್ಲಿನ್ನಿನ ಸುತ್ತ ಅವರ ಆಳಿಕೆ ನಡೆಯುತ್ತಿದ್ದ ಪ್ರದೇಶವನ್ನೂ ‘ಪೇಲ್’ ಎಂದೇ ಕರೆಯುತ್ತಿದ್ದರು. ಐರ್ಲೆಂಡಿನ ಆ ಮೇರೆಯಿಂದಲೇ ನುಡಿಗಟ್ಟು ಹುಟ್ಟಿತೆಂದು ಹಲವರು ಹೇಳುವರು. ಹಳೆಯ ಪ್ರಯೋಗಗಳು ಇದನ್ನು ಸಮರ್ಥಿಸವು. ಬೇಲಿಯೆಂಬ ಸಾಮಾನ್ಯಾರ್ಥದಿಂದಲೇ ಲಕ್ಷಣೆಯು ಸಿದ್ಧಿಸುವಾಗ ದೇಶವಿಶೇಷವನ್ನು ಕಲ್ಪಿಸುವುದು ಗೌರವದೋಷವಾದೀತು. ದರ್ಭೆಯನ್ನು ಕೊಯ್ಯುವವನೆಂಬ ಅರ್ಥದ ‘ಕುಶಲ’ ಶಬ್ದವು ನಿಪುಣನಿಗೆ ಸಂದಂತೆ, ಇಲ್ಲಿಯೂ ಮೂಲಾರ್ಥವು ಮರೆಯಾಗಿ ರೂಢಿಯೊಂದೇ ಉಳಿದಿದೆ.

ಚೀನೀ ಭಾಷೆಯಲ್ಲಿಯೂ ಇಂಥ ಮಾತುಗಳಿಗೆ ಕೊರತೆಯಿಲ್ಲ. ‘ಯುಯೆ-ಗುಯ್’ ಎಂದರೆ ಗಾಲಿಯ ಜಾಡನ್ನು ದಾಟುವುದು. ‘ಯು-ಜು’ ಎಂದರೆ ಬಡಗಿಯ ಮೂಲೆಮಟ್ಟವನ್ನು ಮೀರುವುದು. ಎಪ್ಪತ್ತನೆಯ ವಯಸ್ಸಿನಲ್ಲಿ ಮನಸ್ಸು ಬಯಸಿದಂತೆ ನಡೆದರೂ ಆ ಮಟ್ಟವನ್ನು ತಾನು ಮೀರಲಿಲ್ಲವೆಂಬ ಅಭಿಪ್ರಾಯದ ಮಾತು ಕನ್‌ಫ್ಯೂಷಿಯಸನದಾಗಿ ‘ಲುನ್ ಯು’ ಗ್ರಂಥದಲ್ಲಿದೆ. ದಿನಬಳಕೆಯ ‘ಗುವೊ-ಫೆನ್’ ಎಂಬುದಕ್ಕೆ ತನ್ನ ಪಾಲನ್ನು ಮೀರಿದ್ದು ಎಂದರ್ಥ. ನಮ್ಮ ‘ಮರ್ಯಾದೆ’ಯೂ ಮೊದಲು ಎಲ್ಲೆ, ಆಮೇಲೆ ಸದಾಚಾರ.

ಎರಡನೆಯ ತೊಡಕು ಇಲ್ಲಿಯೇ ಹುಟ್ಟುವುದು. ಗೆಳೆಯನ ಹಾಸ್ಯವು ತುಸು ಹೆಚ್ಚಾದರೂ ಚೀನೀಯನು ‘ಗುವೊ-ಫೆನ್’ ಎಂದಾನು. ಅದನ್ನೇ ‘ಬಿಯಾಂಡ್ ದಿ ಪೇಲ್’ ಎಂದು ಭಾಷಾಂತರಿಸಿದರೆ ಮುನಿಸಿನ ಮಾತು ಬಹಿಷ್ಕಾರದ ಮಾತಾಗಿ ಸ್ನೇಹವೇ ಕೆಟ್ಟೀತು. ಅಲ್ಲಿಗೆ ‘ಟೂ ಮಚ್’ ಎಂಬಷ್ಟೇ ಸಾಕು. ಅಪರಾಧವು ಅದಕ್ಕಿಂತ ಹಿರಿದಾದರೆ, ಗೆರೆ ದಾಟಿದನೆಂಬರ್ಥದ ‘ಕ್ರಾಸ್ ದಿ ಲೈನ್’ ಎಂಬುದುಂಟು. ಗೆರೆ ದಾಟಿದವನು ತಪ್ಪನ್ನೊಪ್ಪಿ ಹಿಂದಿರುಗಬಹುದು. ಬೇಲಿಯ ಹೊರಗಾದವನು ಶಿಷ್ಟಸಮಾಜಕ್ಕೇ ಹೊರಗು. ಆದುದರಿಂದ ಈ ನುಡಿಯನ್ನು ಕ್ರೌರ್ಯ, ವಿಶ್ವಾಸದ್ರೋಹ ಮೊದಲಾದವಕ್ಕೆ ಮೀಸಲಿಡುವುದೇ ಉಚಿತ. ಅಲ್ಪದೋಷಕ್ಕೆ ಇದನ್ನು ಹೇಳಿದವನು ತಾನೇ ಮಾತಿನ ಮೇರೆಯನ್ನು ಮೀರಿದಂತಾಗುವುದು.