ಗಂಟಲಿನಿಂದ ಪ್ರಯೋಗಶಾಲೆಯವರೆಗೆ

ಕೆಮ್ಮು ನೆಗಡಿಗಳು ಬಂದಾಗ ಮೆಣಸಿನ ಕಷಾಯ ಕುಡಿದು ಹೊದ್ದು ಮಲಗುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಬಹುಪಾಲು ಸಂದರ್ಭಗಳಲ್ಲಿ ಅಷ್ಟೇ ಸಾಕು. ಆದರೆ 2020ನೆಯ ಇಸವಿಯಲ್ಲಿ ಕೊರೋನಾ ಕಾಲಿಟ್ಟ ಮೇಲೆ 'ಇದು ಯಾವ ಜ್ವರ?' ಎಂಬ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಮಲಗುವಂತಿರಲಿಲ್ಲ. ಬರಿಯ ಲಕ್ಷಣಗಳನ್ನು ನೋಡಿ ಇದು ಇನ್‌ಫ್ಲುಯೆಂಜಾ, ಇದು ಕೊರೋನಾ ಎಂದು ಎಂತಹ ಅನುಭವಿ ವೈದ್ಯರೂ ನಿಶ್ಚಯವಾಗಿ ಹೇಳಲಾರರು. ಹೇಳತಕ್ಕದ್ದು ಪ್ರಯೋಗಶಾಲೆ. ಪ್ರಯೋಗಶಾಲೆಯೋ ಪಟ್ಟಣದಲ್ಲಿದೆ, ರೋಗಿ ಇರುವುದು ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರಿನಲ್ಲಿ. ಇವೆರಡರ ನಡುವಣ ದಾರಿಯ ವಿಚಾರವೇ ಈ ಲೇಖನದ ವಸ್ತು. ಕಲಾ ವಿಭಾಗದವನಿಗೆ ಇದೆಲ್ಲ ಏಕೆಂದು ವಿಜ್ಞಾನದ ಮಿತ್ರರು ನಗಬಹುದು. ಆ ದಾರಿಯ ಹಳ್ಳಿಯ ತುದಿಯಿಂದ ಬಂದವನು ನಾನು, ಅಷ್ಟೇ ನನ್ನ ಅಧಿಕಾರ.

ಮೊದಲು ಮಾದರಿ ತೆಗೆಯುವ ಬಗೆಯನ್ನು ನೋಡೋಣ. ಮೂಗಿನ ಹಿಂಬದಿಯು ಗಂಟಲನ್ನು ಸೇರುವ ಎಡೆಯಲ್ಲಿ ಈ ವೈರಾಣುಗಳು ಹೇರಳವಾಗಿರುತ್ತವೆ. ತೆಳ್ಳನೆಯ ಕಡ್ಡಿಯನ್ನು ಹೊಳ್ಳೆಯೊಳಗೆ ಮೇಲಕ್ಕಲ್ಲ, ಅಂಗುಳಿಗೆ ಸಮನಾಗಿ ನೇರ ಹಿಂದಕ್ಕೆ, ಹೊಳ್ಳೆಯಿಂದ ಕಿವಿಯ ತೂತಿನವರೆಗಿನ ದೂರದಷ್ಟು ಸಾಗಿಸಿ, ಕೆಲವು ಕ್ಷಣ ತಡೆದು, ಮೆಲ್ಲಗೆ ತಿರುಗಿಸಿ ಹೊರತೆಗೆಯಬೇಕು. ಅರ್ಧ ದಾರಿಗೇ ಹಿಂತೆಗೆದರೆ ರೋಗಿಗೆ ಹಿತವಾದೀತು, ಪರೀಕ್ಷೆಗೆ ಆಗಲಾರದು. ಮರದ ಕಡ್ಡಿ ಇದಕ್ಕೆ ಒದಗುವುದಿಲ್ಲ. ಅದರಲ್ಲಿನ ಕೆಲವು ಅಂಶಗಳು ಪರೀಕ್ಷೆಗೆ ಅಡ್ಡಿಮಾಡುತ್ತವೆ. ಪ್ಲಾಸ್ಟಿಕ್ ಕಡ್ಡಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಯ ತುದಿಯಿರಬೇಕು. ತೆಗೆದ ಕಡ್ಡಿಯನ್ನು ಉಪ್ಪು, ಪ್ರೋಟೀನು ಮತ್ತು ಬ್ಯಾಕ್ಟೀರಿಯಾಗಳನ್ನು ತಡೆಯುವ ಔಷಧಿಗಳು ಬೆರೆತ ದ್ರವವುಳ್ಳ ಪುಟ್ಟ ನಳಿಕೆಯಲ್ಲಿ ಅದ್ದಿ, ತುದಿ ಮುರಿದು, ಮುಚ್ಚಳ ಬಿಗಿಯಬೇಕು.

ಇಲ್ಲಿಂದ ಮುಂದೆ ಶೀತದ ಪ್ರಶ್ನೆ. ನಳಿಕೆ 2ರಿಂದ 8 ಡಿಗ್ರಿ ಸೆಂಟಿಗ್ರೇಡಿನೊಳಗೆ ಇರಬೇಕು. ಹಾಗಿದ್ದರೆ ಸುಮಾರು ಮೂರು ದಿನ ಕೆಡದು. ಅದಕ್ಕೂ ತಡವಾಗುವುದಾದರೆ ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಶೈತ್ಯ ಬೇಕು. ಅಂತಹ ಯಂತ್ರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹುಡುಕುವುದು ವ್ಯರ್ಥ. ಏಪ್ರಿಲ್ ತಿಂಗಳ ಬಿಸಿಲು, ಹೋಗಿ ಬರುವ ವಿದ್ಯುತ್ತು, ಕೆಟ್ಟು ನಿಂತ ಜೀಪು — ಇವುಗಳಲ್ಲಿ ಯಾವುದಾದರೊಂದು ಸಾಕು, ವೈರಾಣುವಿನ ಆರ್‌ಎನ್‌ಎ ಚೂರಾಗಲು. ಹಾಲು ಕೆಟ್ಟರೆ ಒಡೆದು ತೋರಿಸುತ್ತದೆ. ಮಾದರಿ ಕೆಟ್ಟರೆ 'ರೋಗವಿಲ್ಲ' ಎಂಬ ಉತ್ತರವಾಗಿ ಬಂದುಬಿಡಬಹುದು. ಪ್ರಯೋಗಶಾಲೆಯವರು ಮನುಷ್ಯನ ಜೀನೊಂದನ್ನೂ ಜೊತೆಗೆ ಹುಡುಕಿ, ಕಡ್ಡಿ ಸರಿಯಾಗಿ ತಾಗಿತ್ತೇ ಎಂದು ನೋಡುತ್ತಾರೆ, ನಿಜ. ಆದರೆ ದಾರಿಯಲ್ಲಿ ಏನಾಯಿತೆಂಬುದನ್ನು ಆ ಜೀನು ಯಾವಾಗಲೂ ಹೇಳಲಾರದು. ಇಲ್ಲವೆಂಬ ಉತ್ತರವನ್ನು ನಂಬಿ ಮನೆಗೆ ಹೋದವನು ಅಜ್ಜಿಯ ಪಕ್ಕದಲ್ಲಿ ಕುಳಿತು ಊಟ ಮಾಡುತ್ತಾನಲ್ಲ, ಅಪಾಯವಿರುವುದು ಅಲ್ಲಿ.

ಈ ಶೀತದ ಪಾಡು ಎಷ್ಟು ಹಳೆಯದೆಂಬುದಕ್ಕೆ ಒಂದು ವೃತ್ತಾಂತವಿದೆ. ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಕುಗ್ರಾಮದಲ್ಲಿ 1918ರ ನವೆಂಬರಿನಲ್ಲಿ ಇನ್‌ಫ್ಲುಯೆಂಜಾ ಹೊಕ್ಕು, ಸುಮಾರು 80 ಮಂದಿ ವಯಸ್ಕರಲ್ಲಿ 72 ಮಂದಿಯನ್ನು ಐದೇ ದಿನಗಳಲ್ಲಿ ಕೊಂದಿತು. ಅವರನ್ನು ಹೂಳಿದ ನೆಲ ಸದಾ ಹೆಪ್ಪುಗಟ್ಟಿದ್ದುದು. 1951ರಲ್ಲಿ ಯೋಹಾನ್ ಹಲ್ಟಿನ್ ಎಂಬ ಸ್ವೀಡನ್ನಿನ ವಿದ್ಯಾರ್ಥಿ ಊರಿನ ಹಿರಿಯರ ಒಪ್ಪಿಗೆ ಪಡೆದು, ನೆಲವನ್ನು ಬೆಂಕಿಯಿಂದ ಕರಗಿಸಿ ಅಗೆದು, ಶ್ವಾಸಕೋಶದ ತುಣುಕುಗಳನ್ನು ತೆಗೆದನು. ಹಿಂದಿರುಗುವ ದಾರಿಯಲ್ಲಿ ವಿಮಾನ ಇಳಿದೆಡೆಯಲ್ಲೆಲ್ಲ ಬೆಂಕಿ ಆರಿಸುವ ಸಿಲಿಂಡರಿನ ಅನಿಲವನ್ನು ಊದಿ ಅವುಗಳನ್ನು ತಣ್ಣಗಿಟ್ಟನಂತೆ! ಕೋಳಿಮೊಟ್ಟೆಗಳಲ್ಲಿ ಆ ವೈರಾಣುವನ್ನು ಬೆಳೆಸಲು ಮಾಡಿದ ಯತ್ನ ಫಲಿಸಲಿಲ್ಲ. ಅದು ಎಂದೋ ಸತ್ತಿತ್ತು. 1997ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಅವನು ಮತ್ತೆ ಅದೇ ಊರಿಗೆ ಹೋಗಿ ಮತ್ತೆ ಒಪ್ಪಿಗೆ ಕೇಳಿದನು. ಈ ಸಲ ತುಣುಕುಗಳನ್ನು ಸಂರಕ್ಷಕ ದ್ರವದಲ್ಲಿಟ್ಟು ಟಾಬೆನ್‌ಬರ್ಗರ್ ಎಂಬ ವಿಜ್ಞಾನಿಗೆ ಕಳುಹಿಸಿದನು. ಆ ವೇಳೆಗೆ ಜೀವಂತ ವೈರಾಣುವೇ ಬೇಕೆಂಬ ನಿರ್ಬಂಧ ಹೋಗಿ, ಅದರ ಚೂರುಗಳಿಂದಲೇ ಓದಬಲ್ಲ ಪಿಸಿಆರ್ ವಿಧಾನ ಬಂದಿತ್ತು. 2005ರಲ್ಲಿ ಆ ವೈರಾಣುವಿನ ಪೂರ್ಣ ಜೀನು ಸಂಕೇತ ಪ್ರಕಟವಾಯಿತು.

ಚೂರು ಸಾಕು ಎಂದಾದಮೇಲೆ ಹಳ್ಳಿಗಾಡಿಗೆ ಬೇರೆ ಬಾಗಿಲುಗಳೂ ತೆರೆದವು. ನಮ್ಮ ಬೆಂಗಳೂರಿನ ಬಿಗ್‌ಟೆಕ್ ಮತ್ತು ಗೋವೆಯ ಮೋಲ್‌ಬಯೋ ಸಂಸ್ಥೆಗಳ ಟ್ರೂನ್ಯಾಟ್ ಎಂಬ ಯಂತ್ರ ಬ್ಯಾಟರಿಯಿಂದ ನಡೆಯುತ್ತದೆ. ಕ್ಷಯದ ಪರೀಕ್ಷೆಗೆ ಬಳಕೆಯಲ್ಲಿದ್ದ ಇದನ್ನು 2020ರಲ್ಲಿ ಕೊರೋನಾ ಪರೀಕ್ಷೆಗೂ ಬಳಸಿದರು. ಇದರ ದ್ರವದಲ್ಲಿ ವೈರಾಣು ಒಡೆದು ಹೋಗುವುದರಿಂದ ಸಾಗಿಸುವವನಿಗೆ ಸೋಂಕಿನ ಭಯ ಕಡಿಮೆ. ಅದೇ ವರ್ಷ ಹೈದರಾಬಾದಿನ ಸಿಸಿಎಂಬಿಯವರು ದ್ರವವೇ ಬೇಡ, ಒಣ ಕಡ್ಡಿಯೇ ಸಾಕೆಂದು ತೋರಿಸಿದರು. 2021ರ ಮೇ ತಿಂಗಳಲ್ಲಿ ನಾಗಪುರದ ನೀರಿ ಸಂಸ್ಥೆಯವರು ಉಪ್ಪುನೀರಿನ ಬಾಯಿಮುಕ್ಕಳಿಕೆಯ ವಿಧಾನವನ್ನು ಮುಂದಿಟ್ಟರು: ಹದಿನೈದು ಸೆಕೆಂಡು ಗಂಟಲು ಮುಕ್ಕಳಿಸಿ ನಳಿಕೆಗೆ ಉಗಿದರಾಯಿತು. ನನ್ನ ಮಟ್ಟಿಗೆ ಹಳ್ಳಿಗೆ ಒಗ್ಗುವುದು ಇದೇ. ಮೂಗಿಗೆ ಕಡ್ಡಿಯೆಂದರೆ ಓಡುವ ಮುದುಕರೂ ಬಾಯಿ ಮುಕ್ಕಳಿಸಲು ಒಲ್ಲೆನೆನ್ನರು. ಅರ್ಧ ಗಂಟೆಯಲ್ಲಿ ಉತ್ತರ ಕೊಡುವ ಆಂಟಿಜೆನ್ ಪಟ್ಟಿಯೂ ಇತ್ತಷ್ಟೆ. ಅದು 'ಇದೆ' ಎಂದರೆ ನಂಬಬಹುದು, 'ಇಲ್ಲ' ಎಂದರೆ, ಲಕ್ಷಣವಿದ್ದವರಿಗೆ, ಮತ್ತೆ ಪಿಸಿಆರ್ ಆಗಬೇಕಿತ್ತು.

ಇಷ್ಟೆಲ್ಲ ಇದ್ದರೂ ಮನೆಯ ಬಾಗಿಲು ತೆರೆಯಬೇಕಲ್ಲ! 2021ರ ಬೇಸಗೆಯಲ್ಲಿ ನಮ್ಮೂರಿಗೆ ಪರೀಕ್ಷೆಯವರು ಬಂದರೆಂದರೆ ಅರ್ಧ ಊರು ಹೊಲಕ್ಕೆ ಹೋಗಿರುತ್ತಿತ್ತು. ಕಾಯಿಲೆಗಿಂತ ಹೆಚ್ಚಾಗಿ, ಎತ್ತಿಕೊಂಡು ಹೋಗಿ ಎಲ್ಲೋ ಕೂಡಿಹಾಕುತ್ತಾರೆಂಬ ಭಯ ಜನರಿಗೆ. ಕೂಲಿ ಹೋದರೆ ಅಂದಿನ ಊಟ ಹೋಯಿತು. ಈ ಹೆದರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಕೊನೆಗೆ ಜನರನ್ನು ಒಪ್ಪಿಸಿದವರು ಆಶಾ ಕಾರ್ಯಕರ್ತೆಯರು. 'ಅತ್ತೇ, ನನ್ನ ಮೂಗಿಗೂ ಹಾಕಿದಾರೆ, ನೋಡು, ಸತ್ತಿದೀನಾ?' ಎಂದು ನಮ್ಮೂರಿನಾಕೆ ಜಗಲಿಯ ಮೇಲೆ ಕುಳಿತು ಕೇಳುತ್ತಿದ್ದರು. ಯಾವ ಕರಪತ್ರವೂ ಅಷ್ಟು ಕೆಲಸ ಮಾಡಲಿಲ್ಲ.

ಇನ್ನೊಂದು ಸಣ್ಣ ಸಂಗತಿ ಉಳಿಯಿತು. ನಳಿಕೆಯ ಮೇಲಿನ ಸಂಖ್ಯೆಯೂ ಫಾರಮಿನ ಸಂಖ್ಯೆಯೂ ಒಂದೇ ಆಗಿರಬೇಕು; ಒಂದೇ ಊರಿನಲ್ಲಿ ಆರು ಮಂದಿ ನಿಂಗಪ್ಪಗಳಿದ್ದಾಗ ತಂದೆಯ ಹೆಸರನ್ನೂ ಬರೆಯದಿದ್ದರೆ ಎಲ್ಲ ಶ್ರಮವೂ ನೀರುಪಾಲು. ಫಲಿತಾಂಶ ಬರುತ್ತಿದ್ದುದು ಮೊಬೈಲಿಗೆ. ಮೊಬೈಲಿಲ್ಲದವರು ಅಂಗಡಿಯವನ ನಂಬರನ್ನು ಬರೆಸುತ್ತಿದ್ದರು. ಹಾಗಾಗಿ ಯಾರಿಗೆ ಕಾಯಿಲೆ ಬಂದಿದೆಯೆಂಬುದು ರೋಗಿಗಿಂತ ಮೊದಲು ಅಂಗಡಿಯ ಕಟ್ಟೆಯ ಮೇಲೆ ಕುಳಿತವರಿಗೆ ತಿಳಿಯುತ್ತಿತ್ತು.